ಹಳೇ ಗೋದಾಮು ಕೆಡವಬೇಕು, ಆಸ್ಬೆಸ್ಟಾಸ್ ಇದೆ ಅಂತಿದ್ದಾರೆ. ಹೇಗೆ ತೆಗೆಸುವುದು, ಎಲ್ಲಿ ಹಾಕುವುದು?

ಗೋದಾಮು ಸಮಿತಿ:
ಎಲ್ಲರಿಗೂ ನಮಸ್ಕಾರ. ನಮ್ಮ ಸಂಘದ್ದು ಒಂದು ಹಳೇ ಗೋದಾಮು ಇದೆ. ಅದನ್ನು ಕೆಡವಿ ಜಾಗ ಖಾಲಿ ಮಾಡಿಸುವುದು ಅಂತ ಸಮಿತಿಯಲ್ಲಿ ತೀರ್ಮಾನವಾಗಿದೆ. ಚಾವಣಿಗೆ ಅಲೆಅಲೆಯಾದ ಬೂದು ಬಣ್ಣದ ಸಿಮೆಂಟ್ ಶೀಟು ಹಾಕಿದ್ದಾರೆ. ಮೇಲೆಲ್ಲಾ ಪಾಚಿ ಕಟ್ಟಿ ಕಪ್ಪಾಗಿದೆ. ಹಿಂದುಗಡೆ ಒಂದು ಬಾಯ್ಲರ್ ಕೋಣೆ ಇದೆ. ಅಲ್ಲಿನ ಪೈಪುಗಳಿಗೆ ಬಿಳಿ ಗಾರೆಯಂಥದ್ದನ್ನು ದಪ್ಪಗೆ ಮೆತ್ತಿ, ಮೇಲೆ ಬಟ್ಟೆ ಸುತ್ತಿ ಬಣ್ಣ ಬಳಿದಿದ್ದಾರೆ. ಕೆಲವು ಕಡೆ ಬಟ್ಟೆ ಹರಿದು ಪುಡಿ ನೆಲಕ್ಕೆ ಬಿದ್ದಿದೆ.

ಕಂಟ್ರಾಕ್ಟರ್ ಬಂದು ನೋಡಿ, "ಜೆಸಿಬಿ ತಂದರೆ ಒಂದೇ ದಿನದ ಕೆಲಸ. ಶೀಟು, ಗೋಡೆ ಎಲ್ಲಾ ಒಟ್ಟಿಗೆ ಕೆಡವಿ ತುಂಬಿಕೊಂಡು ಹೋಗ್ತೀವಿ" ಅಂದರು. ಸಮಿತಿಯ ಒಬ್ಬ ಸದಸ್ಯರು ಇದು ಆಸ್ಬೆಸ್ಟಾಸ್, ಹಾಗೆಲ್ಲಾ ಮಾಡಬಾರದು ಅಂತ ತಡೆದರು. ಗೋದಾಮಿಗೆ ಅಂಟಿಕೊಂಡೇ ಮನೆಗಳಿವೆ. ಈ ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ. ಯಾವುದು ಮೊದಲು, ಯಾವುದು ಆಮೇಲೆ?

ಸಾರುವೆ:
ಸರ್, ಆ ಸದಸ್ಯರ ಮಾತು ಸರಿ. ಶೀಟು ಮೇಲಿರುವಾಗಲೇ ಯಂತ್ರ ಹಾಕಬೇಡಿ. ಹಾಗೆ ಕೆಡವಿದರೆ ಇಟ್ಟಿಗೆ, ಮಣ್ಣು, ಕಬ್ಬಿಣ, ಮರ ಎಲ್ಲದರ ಒಳಗೂ ಶೀಟಿನ ಚೂರು ಸೇರಿಕೊಳ್ಳುತ್ತದೆ. ಆಮೇಲೆ ಬೇರೆ ಮಾಡುವುದು ಆಗದ ಮಾತು. ಇಡೀ ರಾಶಿಯನ್ನೇ ಆಸ್ಬೆಸ್ಟಾಸ್ ಕಸ ಅಂತ ಸಾಗಿಸಬೇಕಾಗುತ್ತದೆ. ಕೆಳಗಿನ ಮಣ್ಣೂ ಹೋದ ಹಾಗೆ. ಕೆಡವುವ ಹೊತ್ತಿಗೆ ಎದ್ದ ಧೂಳು ಪಕ್ಕದ ಮನೆಗಳ ಒಳಗೆ ಹೋಗಿರುತ್ತದೆ, ಅದನ್ನಂತೂ ವಾಪಸ್ ತರಲಿಕ್ಕೆ ಆಗುವುದಿಲ್ಲ.

ಮೊದಲು ಕಟ್ಟಡ ಪೂರ್ತಿ ಪರೀಕ್ಷೆ ಮಾಡಿಸಿ. ಆಮೇಲೆ ಆಸ್ಬೆಸ್ಟಾಸ್ ಇರುವುದನ್ನೆಲ್ಲಾ ಕೈಯಿಂದ ಬಿಚ್ಚಿಸಿ ಹೊರಗೆ ಕಳಿಸಿ. ಜಾಗ ಶುದ್ಧವಾಗಿದೆ ಅಂತ ಬರಹದಲ್ಲಿ ತೆಗೆದುಕೊಳ್ಳಿ. ಜೆಸಿಬಿ ಅಂಗಳಕ್ಕೆ ಬರುವುದು ಅದಾದ ಮೇಲೆಯೇ.

ಇನ್ನೊಂದು ವಿಷಯ. ನಿಮ್ಮಲ್ಲಿರುವುದು ಎರಡು ಬೇರೆ ಬೇರೆ ಕೆಲಸ. ಆಸ್ಬೆಸ್ಟಾಸ್ ಅಂದರೆ ನೂಲಿನಂಥ ಸಣ್ಣ ಎಳೆಗಳ ಖನಿಜ. ಶೀಟಿನಲ್ಲಿ ಆ ಎಳೆಗಳನ್ನು ಸಿಮೆಂಟ್ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಒಡೆಯದೆ, ಕೊರೆಯದೆ, ಉಜ್ಜದೆ ಇಳಿಸಿದರೆ ಧೂಳು ಬಹಳ ಕಮ್ಮಿ. ಬಾಯ್ಲರ್ ಕೋಣೆಯ ಪೈಪಿನ ಮೆತ್ತಿಗೆ ಹಾಗಲ್ಲ. ಅದನ್ನು ಲ್ಯಾಗಿಂಗ್ ಅಂತೀವಿ. ಕೈಯಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಅದೇ ಅತಿ ಅಪಾಯದ್ದು. ಇವತ್ತೇ ಆ ಕೋಣೆಗೆ ಬೀಗ ಹಾಕಿ. ನೆಲದ ಪುಡಿಯನ್ನು ಯಾರೂ ಗುಡಿಸಬಾರದು.

ಸ್ಲೈಡು:
ನಾನು ಇಂಥ ಮಾದರಿಗಳನ್ನು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಕಣ್ಣಲ್ಲಿ ನೋಡಿ "ಇದು ಆಸ್ಬೆಸ್ಟಾಸ್, ಇದು ಅಲ್ಲ" ಅಂತ ಹೇಳಲು ಯಾರಿಂದಲೂ ಆಗುವುದಿಲ್ಲ. ಈಗ ಆಸ್ಬೆಸ್ಟಾಸ್ ಇಲ್ಲದ ಸಿಮೆಂಟ್ ಶೀಟುಗಳೂ ಬರುತ್ತವೆ, ನೋಡಲು ಎರಡೂ ಒಂದೇ. ಬಣ್ಣ ನೋಡಿ ಹೇಳುವುದೂ ತಪ್ಪು. ಬಿಳಿ ಅಂದರೆ ಕ್ರೈಸೊಟೈಲ್, ಕಂದು ಅಂದರೆ ಅಮೊಸೈಟ್, ನೀಲಿ ಅಂದರೆ ಕ್ರೊಸಿಡೊಲೈಟ್ ಅಂತ ಕರೆಯುವುದು ನಿಜ. ಆದರೆ ಗಾರೆ, ಬಣ್ಣ, ಶಾಖ, ವಯಸ್ಸು ಎಲ್ಲಾ ಸೇರಿದ ಮೇಲೆ ಆ ಬಣ್ಣ ಎಲ್ಲಿ ಉಳಿದಿರುತ್ತದೆ? ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾತ್ರ ಯಾವ ಎಳೆ ಅಂತ ಖಚಿತ. ಪರೀಕ್ಷೆ ಮಾಡಿಸುವವರೆಗೆ "ಇದೆ" ಅಂತಲೇ ತಿಳಿದುಕೊಳ್ಳಿ.

ಮಾದರಿ ನೀವೇ ಕಿತ್ತು ಕಳಿಸಬೇಡಿ. ತರಬೇತಿ ಇರುವವರು ಬಂದು, ಆ ಜಾಗವನ್ನು ಒದ್ದೆ ಮಾಡಿ, ನಾಣ್ಯದಷ್ಟು ತುಂಡು ತೆಗೆದು, ಎರಡು ಚೀಲದಲ್ಲಿ ಮುಚ್ಚಿ, ತೆಗೆದ ಜಾಗಕ್ಕೆ ಟೇಪ್ ಹಚ್ಚಿ ಹೋಗುತ್ತಾರೆ. ಶೀಟಿಗೊಂದು, ಪೈಪಿಗೊಂದು ಅಂತ ಮುಗಿಸಿಬಿಡಬೇಡಿ. ಪೈಪಿನ ಮೆತ್ತಿಗೆಯನ್ನು ಬೇರೆ ಬೇರೆ ವರ್ಷ ರಿಪೇರಿ ಮಾಡಿರುತ್ತಾರೆ. ಒಂದು ಕಡೆ ಏನೂ ಸಿಗದೇ, ಒಂದು ಮಾರು ಆಚೆ ಸಿಕ್ಕಿದ್ದನ್ನು ನಾನು ನೋಡಿದ್ದೇನೆ.

ಕೆಡವುವ ಕಟ್ಟಡ ಅಂದಮೇಲೆ ಮೇಲುಮೇಲಿನ ಪರೀಕ್ಷೆ ಸಾಲದು. ಫಾಲ್ಸ್ ಸೀಲಿಂಗ್ ಬಿಚ್ಚಿ ನೋಡಬೇಕು, ಗೋಡೆಯ ಹಲಗೆ ಹಿಂದೆ ನೋಡಬೇಕು, ನೆಲದ ಹಾಸು ಎಬ್ಬಿಸಬೇಕು. ಹಳೇ ವಿನೈಲ್ ಟೈಲು ಮತ್ತು ಅದರ ಕೆಳಗಿನ ಕಪ್ಪು ಅಂಟು, ಬಾಯ್ಲರ್ ಬಾಗಿಲಿಗೆ ಸುತ್ತಿದ ಹಗ್ಗ, ಪೈಪ್ ಜೋಡಣೆಯ ಗ್ಯಾಸ್ಕೆಟ್, ವಿದ್ಯುತ್ ಫ್ಯೂಸ್ ಬೋರ್ಡಿನ ಹಿಂದಿನ ಹಾಳೆ, ಬೆಂಕಿ ತಡೆಯುವ ಬಾಗಿಲಿನ ಒಳಗಿನ ಹಲಗೆ, ಹೊಗೆ ಕೊಳವೆ, ನೀರಿನ ತೊಟ್ಟಿ. ಎಲ್ಲದರಲ್ಲೂ ಇರಬಹುದು. ಸಿಮೆಂಟ್ ಶೀಟಿನಲ್ಲಿ ಸಾಮಾನ್ಯವಾಗಿ ಶೇ. 10ರಿಂದ 15ರಷ್ಟು ಆಸ್ಬೆಸ್ಟಾಸ್ ಇರುತ್ತದೆ. ಉಕ್ಕಿನ ತೊಲೆಗಳ ಮೇಲೆ ಸಿಂಪಡಿಸುತ್ತಿದ್ದ ಹಳೇ ಲೇಪನದಲ್ಲಿ ಶೇ. 85ರವರೆಗೂ ಇರಬಹುದು.

ಹಳೇ ಕೈ:
ನಾನು ಶೀಟು ಹಾಕುವ ಕೆಲಸದಲ್ಲೇ ಬದುಕಿದವನು. ಗರಗಸದಲ್ಲಿ ಕೊಯ್ದಿದ್ದೇವೆ, ಮೇಲೆ ಕೂತು ಊಟ ಮಾಡಿದ್ದೇವೆ. ನನಗೆ ಏನೂ ಆಗಿಲ್ಲ. ಇಷ್ಟೆಲ್ಲಾ ಹೆದರಿಸುವುದು ಬೇಕಾ? ನಿಜವಾಗಿ ಕೇಳ್ತಾ ಇದ್ದೀನಿ, ವಾದಕ್ಕೆ ಅಲ್ಲ.

ಎದೆ ವಾರ್ಡು:
ಅಣ್ಣಾ, ನೀವು ಕೇಳಿದ್ದು ಒಳ್ಳೆಯದಾಯಿತು. ನಾನು ಶ್ವಾಸಕೋಶದ ವಾರ್ಡಿನಲ್ಲಿ ನರ್ಸ್. ನಮ್ಮಲ್ಲಿಗೆ ಬರುವ ಎಷ್ಟೋ ಜನ ಇದೇ ಮಾತು ಹೇಳಿಕೊಂಡೇ ಬರುತ್ತಾರೆ.

ಈ ಕಾಯಿಲೆ ತಕ್ಷಣ ಬರುವುದಲ್ಲ. ಎಳೆ ಒಳಗೆ ಹೋದ ದಿನ ಕೆಮ್ಮೂ ಬರುವುದಿಲ್ಲ, ಉರಿಯೂ ಇಲ್ಲ. 20ರಿಂದ 40 ವರ್ಷ, ಕೆಲವೊಮ್ಮೆ ಇನ್ನೂ ತಡವಾಗಿ ತೋರುತ್ತದೆ. ಎಳೆ ಕೂದಲಿಗಿಂತ ಎಷ್ಟೋ ಪಟ್ಟು ತೆಳು. ಶ್ವಾಸಕೋಶದ ತೀರಾ ಒಳಗಿನ ಗಾಳಿಗೂಡುಗಳವರೆಗೆ ಹೋಗುತ್ತದೆ. ದೇಹ ಅದನ್ನು ಕರಗಿಸಲಾರದು. ಸುತ್ತ ಗಾಯದ ಕಲೆ ಕಟ್ಟುತ್ತಾ ಹೋದರೆ ಅದು ಆಸ್ಬೆಸ್ಟೋಸಿಸ್, ಮೆಟ್ಟಿಲು ಹತ್ತಲೂ ಉಸಿರು ಸಾಲದ ಹಾಗೆ ಆಗುತ್ತದೆ. ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಶ್ವಾಸಕೋಶದ ಹೊದಿಕೆಗೆ ಬರುವ ಮೀಸೊಥೀಲಿಯೋಮಾ ಅನ್ನುವ ಕ್ಯಾನ್ಸರ್ ಬಹುತೇಕ ಆಸ್ಬೆಸ್ಟಾಸಿನಿಂದಲೇ ಬರುವುದು. ಬಿಳಿ, ಕಂದು, ನೀಲಿ ಎಲ್ಲಾ ಬಗೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮೊದಲನೇ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವುದು ಖಚಿತ ಅನ್ನುವ ಗುಂಪಿಗೆ ಹಾಕಿದೆ.

ಇದು ಹೊಸ ವಿಷಯವೂ ಅಲ್ಲ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಆಸ್ಬೆಸ್ಟಾಸ್ ನೂಲುತ್ತಿದ್ದ ನೆಲ್ಲಿ ಕರ್ಶಾ 1924ರಲ್ಲಿ 33ನೇ ವಯಸ್ಸಿಗೇ ತೀರಿಕೊಂಡರು. ಕುಕ್ ಅನ್ನುವ ವೈದ್ಯರು ಅವರ ಶ್ವಾಸಕೋಶ ಪರೀಕ್ಷಿಸಿ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 1960ರಲ್ಲಿ ದಕ್ಷಿಣ ಆಫ್ರಿಕಾದ ವೈದ್ಯ ವ್ಯಾಗ್ನರ್ ಮತ್ತು ಅವರ ಜೊತೆಗಾರರು 33 ಮೀಸೊಥೀಲಿಯೋಮಾ ರೋಗಿಗಳ ವಿವರ ಕೊಟ್ಟರು. ಅವರೆಲ್ಲಾ ಆಸ್ಬೆಸ್ಟಾಸ್ ಗಣಿಯಲ್ಲಿ ಇಳಿದು ಕೆಲಸ ಮಾಡಿದವರಲ್ಲ. ಗಣಿಯ ಹತ್ತಿರ ಸುಮ್ನೆ ವಾಸವಾಗಿದ್ದವರೂ ಇದ್ದರು. ಗಂಡನ ಕೆಲಸದ ಬಟ್ಟೆ ಕೊಡವಿ ಒಗೆದ ಹೆಂಗಸರಿಗೂ ಈ ಕಾಯಿಲೆ ಬಂದಿದೆ.

ಎಲ್ಲರಿಗೂ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಎಷ್ಟು ಧೂಳು, ಎಷ್ಟು ಕಾಲ, ಯಾವ ಎಳೆ ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ನಿಮಗೆ ಒಂದು ಮನವಿ ಅಣ್ಣಾ. ಯಾವ ಡಾಕ್ಟರ ಹತ್ತಿರ ಹೋದರೂ "ನಾನು ಆಸ್ಬೆಸ್ಟಾಸ್ ಕೆಲಸ ಮಾಡಿದ್ದೆ" ಅಂತ ನೀವಾಗಿಯೇ ಹೇಳಿ. ಅವರು ಕೇಳದೇ ಇರಬಹುದು. ಸಿಗರೇಟು ಸೇದುತ್ತಿದ್ದರೆ ಇವತ್ತೇ ಬಿಡಿ. ಆಸ್ಬೆಸ್ಟಾಸ್ ಮತ್ತು ಹೊಗೆ ಎರಡೂ ಸೇರಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಬೇರೆ ಬೇರೆಯಾಗಿ ಕೂಡಿದ್ದಕ್ಕಿಂತ ಜಾಸ್ತಿ.

ಹಳೇ ಕೈ:
ಬಟ್ಟೆ ವಿಷಯ ಯಾರೂ ಹೇಳಿರಲಿಲ್ಲ ತಾಯಿ. ಡಾಕ್ಟರಿಗೆ ಹೇಳ್ತೀನಿ.

ಬಣ್ಣದ ಡಬ್ಬ:
ಶೀಟಿನ ಮೇಲೆ ದಪ್ಪ ಬಣ್ಣ ಹೊಡೆದು ಎಳೆ ಹಾರದ ಹಾಗೆ ಮಾಡಬಹುದು ಅಂತಾರಲ್ವಾ? ಅಷ್ಟು ಸಾಕಾಗಲ್ವಾ?

ಸಾರುವೆ:
ಕಟ್ಟಡ ನಿಲ್ಲುವುದಾದರೆ ಅದೂ ಒಂದು ದಾರಿ. ಶೀಟು ಗಟ್ಟಿಯಿದ್ದು, ಯಾರೂ ಮುಟ್ಟುವುದಿಲ್ಲ ಅಂದರೆ ಬಿಟ್ಟುಬಿಡುವುದೇ ಎಷ್ಟೋ ಸಲ ಒಳ್ಳೆಯದು. ಇಲ್ಲಿ ಕೆಡವುತ್ತಿದ್ದಾರೆ. ಬಣ್ಣ ಹೊಡೆದ ಶೀಟನ್ನು ಯಂತ್ರದಲ್ಲಿ ಒಡೆದರೂ ಬಿರುಕಿನಿಂದ ಎಳೆ ಬಂದೇ ಬರುತ್ತದೆ.

ಈಗ ಶೀಟು ಇಳಿಸುವ ಕ್ರಮ ಬರೆಯುತ್ತೇನೆ. ಕಂಟ್ರಾಕ್ಟರ್ ಜೊತೆ ಮಾತಾಡುವಾಗ ಇದನ್ನು ಎದುರಿಗಿಟ್ಟುಕೊಳ್ಳಿ.

ಮೊದಲು ಸುತ್ತ ಬೇಲಿ, ಎಚ್ಚರಿಕೆ ಫಲಕ. ಕೆಲಸದವರನ್ನು ಬಿಟ್ಟು ಯಾರೂ ಒಳಗೆ ಬರಕೂಡದು. ಗಾಳಿ ಜೋರಾಗಿದ್ದರೆ ಆ ದಿನ ಕೆಲಸವೇ ಬೇಡ. ಗೋದಾಮಿನ ಒಳಗಿನ ಸಾಮಾನು ಹೊರಗೆ ಹಾಕಿಸಿ, ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿಸಿ. ಕರೆಂಟ್ ಪೂರ್ತಿ ಕತ್ತರಿಸಿ, ಏಕೆಂದರೆ ಎಲ್ಲಾ ಕಡೆ ನೀರು ಬೀಳುತ್ತದೆ.

ನೀರಿಗೆ ಸ್ವಲ್ಪ ಸೋಪಿನ ದ್ರಾವಣ ಬೆರೆಸಿ. ಆಗ ನೀರು ಜಾರಿ ಹೋಗದೆ ಒಳಗೆ ಇಳಿಯುತ್ತದೆ. ಗಿಡಕ್ಕೆ ಔಷಧಿ ಹೊಡೆಯುವ ಕೈಪಂಪು ಸಾಕು, ಮಂಜಿನ ಹಾಗೆ ಬೀಳಬೇಕು. ರಭಸದಿಂದ ನೀರು ಹೊಡೆಯುವ ಪ್ರೆಶರ್ ವಾಷರ್ ಬೇಡವೇ ಬೇಡ. ಅದು ಶೀಟಿನ ಮೇಲ್ಪದರವನ್ನೇ ಕಿತ್ತು ಅಕ್ಕಪಕ್ಕದ ಗೋಡೆಗೆಲ್ಲಾ ಎರಚುತ್ತದೆ. ಪಾಚಿ ಕೆರೆಯುವುದೂ ಬೇಡ. ಹಳೇ ಶೀಟಿನ ಮೇಲ್ಮೈಯ ಸಿಮೆಂಟ್ ಮಳೆಗೆ ಸವೆದು ಎಳೆಗಳು ಹೊರಗೆ ಬಂದಿರುತ್ತವೆ. ಮಳೆನೀರಿನ ದೋಣಿಯಲ್ಲಿ ಕೂತಿರುವ ಕೆಸರಲ್ಲೂ ಅವು ಇರುತ್ತವೆ. ಆ ಕೆಸರನ್ನು ಒದ್ದೆಯಾಗಿಯೇ ತೆಗೆದು ಚೀಲಕ್ಕೆ ಹಾಕಿಸಿ. ಇದನ್ನು ಮರೆಯುವವರೇ ಜಾಸ್ತಿ.

ಹಾಕಿದ ಕ್ರಮಕ್ಕೆ ಉಲ್ಟಾ ಬಿಚ್ಚುತ್ತಾ ಬರಬೇಕು. ಒಂದೊಂದೇ ಶೀಟು, ಇಡಿಯಾಗಿ. ಇಬ್ಬರು ಹಿಡಿದು ಕೆಳಗಿನವರ ಕೈಗೆ ಕೊಡಬೇಕು ಇಲ್ಲವೇ ಲಿಫ್ಟಿನಲ್ಲಿ ಇಳಿಸಬೇಕು. ಮೇಲಿಂದ ಬಿಸಾಡುವುದು, ಜಾರಿಬಿಡುವುದು ಇಲ್ಲ. ಕೆಳಗೆ ಬಂದ ತಕ್ಷಣ ಎರಡೂ ಕಡೆ ಒದ್ದೆ ಮಾಡಿ ಹಾಸಿದ ಪ್ಲಾಸ್ಟಿಕ್ಕಿನ ಮೇಲೆ ಜೋಡಿಸಿ. ಕಟ್ಟು ಒಂದಾಳೆತ್ತರ ಆಗಬಾರದು, ಎತ್ತುವಾಗ ಮುರಿಯುತ್ತದೆ. ಎರಡು ಸುತ್ತು ಹಾಳೆ ಸುತ್ತಿ, ಪ್ರತಿ ಸಂದಿಗೂ ಟೇಪ್ ಹಾಕಿ, ಮೇಲೆ ಚೀಟಿ ಅಂಟಿಸಿ. ಚೀಲಕ್ಕೆ ಹಿಡಿಯುವುದಿಲ್ಲ ಅಂತ ಶೀಟನ್ನು ಮುರಿಯುವವರಿದ್ದಾರೆ. ಅಷ್ಟು ಹೊತ್ತು ಜೋಪಾನ ಮಾಡಿದ್ದೆಲ್ಲಾ ಅಲ್ಲಿಗೆ ವ್ಯರ್ಥ.

ಶೀಟು ಮೇಸ್ತ್ರಿ:
ಸಾರುವೆ ಅವರು ಹೇಳಿದ್ದಕ್ಕೆ ಎರಡು ಮಾತು ಸೇರಿಸ್ತೀನಿ.

ಬೋಲ್ಟು. ಹಳೇ ಚಾವಣಿಯಲ್ಲಿ ಕೊಕ್ಕೆ ಬೋಲ್ಟುಗಳು ತುಕ್ಕು ಹಿಡಿದು ನಟ್ಟು ತಿರುಗುವುದೇ ಇಲ್ಲ. ಹುಡುಗರು ಸುತ್ತಿಗೆಯಲ್ಲಿ ಶೀಟು ಒಡೆದು ಬಿಡಿಸಿಬಿಡುತ್ತಾರೆ, ಇಲ್ಲ ಗ್ರೈಂಡರ್ ಹಚ್ಚುತ್ತಾರೆ. ಗ್ರೈಂಡರ್ ಚಕ್ರ ಒಂದು ಚೂರು ಶೀಟಿಗೆ ತಾಗಿದರೂ ಸಾಕು, ಬೂದಿ ಎದ್ದ ಹಾಗೆ ಏಳುತ್ತದೆ. ಉದ್ದ ಹಿಡಿಯ ಬೋಲ್ಟ್ ಕಟರ್ ತಂದು, ಬೋಲ್ಟಿನ ಬುಡಕ್ಕೆ ನೀರು ಹೊಡೆದು, ವಾಷರ್ ಕೆಳಗೆ ಒತ್ತದೆ ಕತ್ತರಿಸಬೇಕು. ಆಮೇಲೆ ಶೀಟನ್ನು ನೇರ ಮೇಲಕ್ಕೆ ಎತ್ತಬೇಕು. ಪಕ್ಕಕ್ಕೆ ಎಳೆದರೆ ಬೋಲ್ಟಿನ ತುಂಡು ತೂತನ್ನು ಉಜ್ಜಿಕೊಂಡು ಬರುತ್ತದೆ.

ಎರಡನೆಯದು ಬೀಳುವುದು. ಎಳೆ ಕೊಲ್ಲುವುದಕ್ಕೆ ವರ್ಷಗಳು ಬೇಕು, ಶೀಟು ಮುರಿದರೆ ಆ ಕ್ಷಣವೇ ಜೀವ ಹೋಗುತ್ತದೆ. ಹಳೇ ಸಿಮೆಂಟ್ ಶೀಟು ಆಳಿನ ಭಾರ ತಡೆಯುವುದಿಲ್ಲ. ಪಾಚಿ ಇದ್ದು ಮೇಲೆ ನೀರೂ ಬಿದ್ದರೆ ಜಾರುತ್ತದೆ ಬೇರೆ. ಬೋಲ್ಟಿನ ಸಾಲು ನೋಡಿಕೊಂಡು ಅದರ ಮೇಲೇ ನಡೆದರೆ ಏನೂ ಆಗಲ್ಲ ಅನ್ನುವುದನ್ನು ನಂಬಬೇಡಿ. ಆದಷ್ಟೂ ಕೆಳಗಿನಿಂದ, ಚಕ್ರದ ಸಾರುವೆ ಅಥವಾ ಎತ್ತುವ ವೇದಿಕೆಯ ಮೇಲೆ ನಿಂತು ಬಿಚ್ಚಿಸಿ. ಮೇಲೆ ಹೋಗಲೇಬೇಕಾದರೆ ಶೀಟು ಹೊತ್ತಿರುವ ಅಡ್ಡತೊಲೆ, ಅಂದರೆ ಪರ್ಲಿನ್‌ಗಳ ಮೇಲೆ ಅಡ್ಡ ಹಲಗೆ, ಕೆಳಗೆ ಬಲೆ, ಇಡೀ ಮೈಗೆ ತೊಡುವ ಸುರಕ್ಷತಾ ಬೆಲ್ಟು ಮೂರೂ ಇರಲಿ.

ಹಳೇ ಕೈ:
ಮೇಸ್ತ್ರಿ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಜೊತೆಯವನೊಬ್ಬ ಹಾಗೇ ಹೋದ.

ಗೋದಾಮು ಸಮಿತಿ:
ಎಲ್ಲರಿಗೂ ಧನ್ಯವಾದ. ಕೆಲಸದವರಿಗೆ ಮಾಸ್ಕ್ ಕೊಡ್ತೀವಿ ಅಂತ ಕಂಟ್ರಾಕ್ಟರ್ ಹೇಳಿದ್ದಾರೆ. ಯಾವ ಮಾಸ್ಕ್ ಅಂತ ಕೇಳಬೇಕಾ?

ಎದೆ ವಾರ್ಡು:
ಕೇಳಲೇಬೇಕು. ಬಟ್ಟೆ ಮಾಸ್ಕು, ಆಸ್ಪತ್ರೆಯ ನೀಲಿ ಮಾಸ್ಕು, ಮೂಗಿಗೆ ಕಟ್ಟಿದ ಒದ್ದೆ ಟವೆಲ್ ಇವು ಯಾವುದೂ ಎಳೆ ತಡೆಯುವುದಿಲ್ಲ. ಶೀಟಿನ ಕೆಲಸಕ್ಕೆ ಪಿ3 ಅಥವಾ ಪಿ100 (ಅತಿ ಸಣ್ಣ ಕಣವನ್ನೂ ತಡೆಯುವ ದರ್ಜೆ) ಫಿಲ್ಟರ್ ಇರುವ ರಬ್ಬರ್ ಮುಖಗವಸು, ಇಲ್ಲವೇ ಎಫ್‌ಎಫ್‌ಪಿ3 ದರ್ಜೆಯದ್ದು. ಲ್ಯಾಗಿಂಗ್ ಕೆಲಸಕ್ಕೆ ಇಡೀ ಮುಖ ಮುಚ್ಚುವ, ಬ್ಯಾಟರಿ ಫ್ಯಾನಿನಿಂದ ಶುದ್ಧ ಗಾಳಿ ಒದಗಿಸುವಂಥದ್ದು. ಎಷ್ಟು ಒಳ್ಳೆಯದಾದರೂ ಮುಖಕ್ಕೆ ಅಂಟಿ ಕೂರದಿದ್ದರೆ ಪ್ರಯೋಜನವಿಲ್ಲ. ಎರಡು ದಿನದ ಕುರುಚಲು ಗಡ್ಡ ಇದ್ದರೂ ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ಒಬ್ಬೊಬ್ಬರಿಗೂ ಹಾಕಿ, ಸೋರಿಕೆ ಇದೆಯಾ ಅಂತ ಪರೀಕ್ಷಿಸಿದ್ದಾರಾ ಕೇಳಿ.

ಬಟ್ಟೆಯ ಮೇಲೆ ತಲೆಯವರೆಗೆ ಮುಚ್ಚುವ, ಒಮ್ಮೆ ಹಾಕಿ ಎಸೆಯುವ ಕವರಾಲ್ ಬೇಕು. ಕಾಲಿನ ಭಾಗ ಬೂಟಿನ ಹೊರಗೆ ಬರಬೇಕು, ಒಳಗೆ ಸಿಕ್ಕಿಸಬಾರದು. ಲೇಸ್ ಇಲ್ಲದ ಬೂಟು ಹಾಕಿಸಿ, ಲೇಸಿನಲ್ಲಿ ಸಿಕ್ಕಿದ ಧೂಳು ತೊಳೆದರೂ ಹೋಗುವುದಿಲ್ಲ. ಬಿಚ್ಚುವಾಗ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ, ಕವರಾಲ್ ಒಳಭಾಗ ಹೊರಗೆ ಬರುವ ಹಾಗೆ ಸುರುಳಿ ಸುತ್ತಿ ತೆಗೆಯಬೇಕು. ಮುಖಗವಸು ಕೊನೆಯಲ್ಲಿ ತೆಗೆಯುವುದು. ಈ ಕ್ರಮ ತಪ್ಪಿದರೆ ಇಡೀ ದಿನ ತಪ್ಪಿಸಿಕೊಂಡ ಧೂಳನ್ನು ಆ ಒಂದು ನಿಮಿಷದಲ್ಲಿ ಕುಡಿದುಬಿಡುತ್ತಾರೆ. ಯಾರೂ ಕೆಲಸದ ಬಟ್ಟೆಯಲ್ಲಿ ಮನೆಗೆ ಹೋಗಬಾರದು.

ಪಕ್ಕದ ಮನೆ:
ನಮ್ಮ ಮನೆಯೂ ಇಂಥದ್ದೇ ಒಂದು ಶೆಡ್ಡಿಗೆ ಅಂಟಿಕೊಂಡಿತ್ತು. ನಮಗೆ ಒಂದು ಮಾತೂ ಹೇಳದೆ ಕೆಡವಿದರು. ಹಿತ್ತಲಲ್ಲಿ ಒಣಗಿಸಿದ ಬಟ್ಟೆ ಮೇಲೆಲ್ಲಾ ಬೂದು ಧೂಳು. ಆಗ ಮಗು ಅಂಗಳದಲ್ಲೇ ಆಡುತ್ತಿತ್ತು. ಇವತ್ತಿಗೂ ಆ ಯೋಚನೆ ಹೋಗಿಲ್ಲ. ಸಮಿತಿಯವರೇ, ದಯವಿಟ್ಟು ಅಕ್ಕಪಕ್ಕದವರಿಗೆ ಮೊದಲೇ ತಿಳಿಸಿ. ಯಾವ ದಿನ, ಎಷ್ಟು ಹೊತ್ತು, ಏನು ತೆಗೆಯುತ್ತೀರಿ ಅಂತ ಬರೆದು ಕೊಡಿ.

ಸ್ಲೈಡು:
ಮೇಡಂ, ನಿಮ್ಮ ಆತಂಕ ಅರ್ಥವಾಗುತ್ತದೆ. ಒಂದು ಸಲದ ಧೂಳಿನಿಂದ ಬರುವ ಅಪಾಯ, ವರ್ಷಗಟ್ಟಲೆ ಅದರಲ್ಲೇ ಕೆಲಸ ಮಾಡಿದವರಿಗೆ ಹೋಲಿಸಿದರೆ ತುಂಬಾ ಕಡಿಮೆ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಆದರೆ ಹೇಳದೆ ಮಾಡಿದ್ದು ಖಂಡಿತಾ ತಪ್ಪು.

ಸಮಿತಿಯವರಿಗೆ: ಕೆಲಸ ನಡೆಯುವಾಗ ಬೇಲಿಯ ಅಂಚಿನಲ್ಲಿ, ಮನೆಗಳ ಕಡೆಗೆ ಗಾಳಿ ಅಳೆಯುವ ಪಂಪು ಇರಿಸಲು ಹೇಳಿ. ಪಂಪು ಗಾಳಿಯನ್ನು ಒಂದು ಸಣ್ಣ ಫಿಲ್ಟರ್ ಮೂಲಕ ಎಳೆಯುತ್ತದೆ. ಅದರ ಮೇಲೆ ಕೂತ ಎಳೆಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತೇವೆ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. 5 ಮೈಕ್ರಾನ್‌ಗಿಂತ ಉದ್ದ, 3 ಮೈಕ್ರಾನ್‌ಗಿಂತ ತೆಳು, ಅಗಲದ ಮೂರು ಪಟ್ಟಿಗಿಂತ ಜಾಸ್ತಿ ಉದ್ದ ಇರುವುದನ್ನು ಲೆಕ್ಕಕ್ಕೆ ಹಿಡಿಯುತ್ತೇವೆ. ಪಂಪು ಮಾಮೂಲಾಗಿ ಕೆಲಸಗಾರರ ಹತ್ತಿರ ಮಾತ್ರ ಇರುತ್ತದೆ, ಅಂಚಿನಲ್ಲೂ ಬೇಕು ಅಂತ ನೀವೇ ಕೇಳಬೇಕು.

ಮಿತಿ ಅನ್ನುವುದರ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ ಕೆಲಸಗಾರರಿಗೆ 8 ತಾಸಿನ ಸರಾಸರಿ ಮಿತಿ ಒಂದು ಘನ ಸೆಂಟಿಮೀಟರ್ ಗಾಳಿಗೆ 0.1 ಎಳೆ. ಕೇಳಲು ಬಹಳ ಸಣ್ಣದು. ಒಂದು ಘನ ಮೀಟರಿಗೆ ಲೆಕ್ಕ ಹಾಕಿದರೆ ಒಂದು ಲಕ್ಷ ಎಳೆ. ಕೆಲಸ ಮಾಡುವವರು ಒಂದು ಪಾಳಿಯಲ್ಲಿ ಸುಮಾರು 10 ಘನ ಮೀಟರ್ ಗಾಳಿ ಉಸಿರಾಡುತ್ತಾರೆ. ಮಿತಿಯ ಒಳಗೇ ಇದ್ದರೂ ಹತ್ತು ಲಕ್ಷ ಎಳೆ ಒಳಗೆ ಹೋಗಬಹುದು. ಹಾಗಾಗಿ "ಮಿತಿಯೊಳಗಿದೆ" ಅಂದರೆ ಮಾಸ್ಕ್ ತೆಗೆಯಬಹುದು ಅಂತ ಅಲ್ಲ.

ಗೋದಾಮು ಸಮಿತಿ:
ಲ್ಯಾಬ್ ವರದಿ ಬಂತು. ಶೀಟಿನಲ್ಲಿ ಕ್ರೈಸೊಟೈಲ್. ಪೈಪಿನ ಮೆತ್ತಿಗೆಯಲ್ಲಿ ಅಮೊಸೈಟ್. ಆಫೀಸು ಕೋಣೆಯ ನೆಲದ ಕಪ್ಪು ಅಂಟಿನಲ್ಲೂ ಇದೆ, ಅದು ನಮಗೆ ಗೊತ್ತೇ ಇರಲಿಲ್ಲ. ಬಾಯ್ಲರ್ ಕೋಣೆಗೆ ಏನು ಮಾಡಬೇಕು ಅಂತ ವಿವರವಾಗಿ ಹೇಳ್ತೀರಾ?

ಸಾರುವೆ:
ಆ ಕೋಣೆಯನ್ನು ಶೀಟಿನ ತಂಡಕ್ಕೆ ಕೊಡಬೇಡಿ. ಲ್ಯಾಗಿಂಗ್ ತೆಗೆಯುವ ಪರವಾನಗಿ, ಸಲಕರಣೆ ಇರುವವರೇ ಬೇಕು. ಅವರು ಏನು ಮಾಡುತ್ತಾರೆ ಅಂತ ಗೊತ್ತಿದ್ದರೆ ಸರಿಯಾಗಿ ಮಾಡುತ್ತಿದ್ದಾರಾ ಅಂತ ನಿಮಗೆ ತಿಳಿಯುತ್ತದೆ.

ಇಡೀ ಕೋಣೆಯನ್ನು ದಪ್ಪ ಪಾಲಿಥೀನ್ ಹಾಳೆಯಿಂದ ಒಳಗಿನಿಂದ ಮುಚ್ಚುತ್ತಾರೆ. ಒಂದು ಕಡೆ ಹೆಪಾ ಫಿಲ್ಟರ್ ಇರುವ ಯಂತ್ರ ಕೂರಿಸಿ ಒಳಗಿನ ಗಾಳಿಯನ್ನು ಎಳೆದು, ಸೋಸಿ, ಹೊರಗೆ ಬಿಡುತ್ತಾರೆ. ಆ ಫಿಲ್ಟರ್ 0.3 ಮೈಕ್ರಾನ್ ಕಣಗಳನ್ನು ಶೇ. 99.97ರಷ್ಟು ಹಿಡಿಯುತ್ತದೆ. ಹೀಗೆ ಎಳೆಯುವುದರಿಂದ ಒಳಗಿನ ಒತ್ತಡ ಹೊರಗಿನದಕ್ಕಿಂತ ಕಮ್ಮಿ ಇರುತ್ತದೆ, ಸುಮಾರು 5 ಪ್ಯಾಸ್ಕಲ್ ವ್ಯತ್ಯಾಸ. ಎಲ್ಲೋ ಒಂದು ತೂತಿದ್ದರೂ ಗಾಳಿ ಒಳಗೆ ಬರುತ್ತದೆಯೇ ಹೊರತು ಹೊರಗೆ ಹೋಗುವುದಿಲ್ಲ. ಅಲ್ಲೇ ನಿಂತು ನೋಡಿ. ಯಂತ್ರ ಓಡುವಾಗ ಪ್ಲಾಸ್ಟಿಕ್ ಗೋಡೆ ಒಳಕ್ಕೆ ಬಾಗಿರಬೇಕು. ಸಡಿಲವಾಗಿ ಪಟಪಟ ಅನ್ನುತ್ತಿದ್ದರೆ ಕೆಲಸ ನಿಲ್ಲಿಸಿ. ಶುರು ಮಾಡುವ ಮೊದಲು ಒಳಗೆ ಹೊಗೆ ತುಂಬಿಸಿ ಎಲ್ಲಿ ಸೋರುತ್ತದೆ ಅಂತ ಹೊರಗಿನಿಂದ ಹುಡುಕುತ್ತಾರೆ. ಆ ಪರೀಕ್ಷೆ ನಿಮ್ಮ ಎದುರಿಗೇ ಆಗಲಿ.

ಒಳಗೆ ಹೋಗಿ ಬರಲು ಮೂರು ಸಣ್ಣ ಕೋಣೆ: ಕೊಳೆಯದ್ದು, ಸ್ನಾನದ್ದು, ಶುದ್ಧದ್ದು. ಸ್ನಾನ ಮಾಡದೆ ಯಾರೂ ಹೊರಗೆ ಬರುವ ಹಾಗಿಲ್ಲ. ಆ ನೀರನ್ನೂ ಸೋಸಿಯೇ ಬಿಡಬೇಕು.

ಇನ್ನು ಒದ್ದೆ ಮಾಡುವುದು. ಅಮೊಸೈಟ್ ಬರೀ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೇಲೆ ಹೊಡೆದರೆ ಹೊರಗೆ ಮಾತ್ರ ಒದ್ದೆ, ಒಳಗೆ ಒಣ ಪುಡಿ. ಅದಕ್ಕೇ ಸೂಜಿಗಳನ್ನು ಚುಚ್ಚಿ, ಸೋಪಿನ ದ್ರಾವಣವನ್ನು ನಿಧಾನವಾಗಿ ಒಳಗೆ ಬಿಟ್ಟು ನೆನೆಯಲು ಸಮಯ ಕೊಡುತ್ತಾರೆ. ಸರಿಯಾಗಿ ನೆಂದಿದ್ದರೆ ಒಳಗಿನವರೆಗೂ ಹಿಟ್ಟು ಕಲಸಿದ ಹದಕ್ಕೆ ಬಂದಿರುತ್ತದೆ. ತೆಗೆದಿದ್ದನ್ನು ನೆಲಕ್ಕೆ ಬೀಳಿಸದೆ ನೇರ ಚೀಲಕ್ಕೆ ಹಾಕಬೇಕು. ಪೈಪು ಚಿಕ್ಕದಾಗಿದ್ದರೆ ಕೈಗವಸು ಜೋಡಿಸಿದ ಪ್ಲಾಸ್ಟಿಕ್ ಚೀಲವನ್ನೇ ಪೈಪಿಗೆ ಸುತ್ತಿ, ಒಳಗೆ ಕೈ ಹಾಕಿ ತೆಗೆಯುವುದೂ ಇದೆ. ನಿಮ್ಮಲ್ಲಿ ಲ್ಯಾಗಿಂಗ್ ಹರಿದು ಉದುರಿರುವುದರಿಂದ ಅದನ್ನು ಮಾತ್ರ ನಂಬಿಕೊಳ್ಳಲು ಆಗದು.

ಕಪ್ಪು ಅಂಟನ್ನು ಗ್ರೈಂಡರ್ ಹಾಕಿ ಉಜ್ಜಲು ಬಿಡಬೇಡಿ. ಒದ್ದೆ ಮಾಡಿ ಕೈಯಲ್ಲಿ ಕೆರೆದು ತೆಗೆಯಬೇಕು.

ಸ್ಲೈಡು:
ತೆಗೆದಾದ ಮೇಲೆ "ಕ್ಲೀನ್ ಆಯ್ತು" ಅಂತ ತೆಗೆದವರೇ ಹೇಳಿದರೆ ಒಪ್ಪಬೇಡಿ. ಕಂಟ್ರಾಕ್ಟರ್‌ಗೆ ಸಂಬಂಧವಿಲ್ಲದ ಪರೀಕ್ಷಕರನ್ನು ಸಮಿತಿಯೇ ಗೊತ್ತು ಮಾಡಲಿ, ಸಮಿತಿಯೇ ದುಡ್ಡು ಕೊಡಲಿ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಬಿಡಲೇಬಾರದ ಹೆಜ್ಜೆ ಇದು.

ಬ್ರಿಟನ್ನಿನಲ್ಲಿ ಇದನ್ನು ನಾಲ್ಕು ಹಂತದಲ್ಲಿ ಮಾಡುತ್ತಾರೆ. ಮೊದಲು ಕಾಗದಪತ್ರ ಮತ್ತು ಜಾಗ ಪೂರ್ತಿಯಾಗಿದೆಯಾ ಅಂತ ನೋಡುತ್ತಾರೆ. ಆಮೇಲೆ ಪರೀಕ್ಷಕರು ಮಾಸ್ಕ್ ಹಾಕಿಕೊಂಡು ಒಳಗೆ ಹೋಗಿ ಒಂದೊಂದು ಮೂಲೆಯನ್ನೂ ಕಣ್ಣಾರೆ ನೋಡುತ್ತಾರೆ. ಟಾರ್ಚನ್ನು ಗೋಡೆಗೆ ಸಮಾನಾಂತರವಾಗಿ, ಓರೆಯಾಗಿ ಹಿಡಿಯುತ್ತಾರೆ. ನೇರ ಬೆಳಕಿನಲ್ಲಿ ಕಾಣದ ಧೂಳು ಓರೆ ಬೆಳಕಿಗೆ ಕಾಣುತ್ತದೆ. ಪೈಪಿನ ಹಿಂಭಾಗ, ಬ್ರಾಕೆಟ್ಟಿನ ಸಂದಿ, ಗೋಡೆಯೊಳಗೆ ಪೈಪು ನುಗ್ಗುವ ತೂತು, ಉಳಿಕೆ ಸಿಗುವುದು ಇಲ್ಲೇ. ಮೂರನೆಯದು ಗಾಳಿ ಪರೀಕ್ಷೆ. ಸುಮ್ಮನೆ ಪಂಪು ಇಟ್ಟು ಬರುವುದಲ್ಲ. ಕೂತಿರುವ ಧೂಳು ಮೇಲೇಳಲಿ ಅಂತ ಪೊರಕೆಯಲ್ಲಿ ಬೇಕೆಂದೇ ಗುಡಿಸಿ ಅಳೆಯುತ್ತಾರೆ. ಒಂದು ಘನ ಸೆಂಟಿಮೀಟರ್ ಗಾಳಿಗೆ 0.01 ಎಳೆಗಿಂತ ಕಡಿಮೆ ಬಂದರೆ ಮಾತ್ರ ಪಾಸು. ನಾಲ್ಕನೆಯದು ಪ್ಲಾಸ್ಟಿಕ್ ಗೋಡೆ ಬಿಚ್ಚಿದ ಮೇಲೆ ಇನ್ನೊಮ್ಮೆ ನೋಡುವುದು. ನಿಮ್ಮಲ್ಲಿ ಕಾನೂನು ಇಷ್ಟು ಕೇಳದಿದ್ದರೂ ಒಪ್ಪಂದದಲ್ಲಿ ಬರೆಸಿಕೊಳ್ಳಬಹುದು, ಅಲ್ವಾ?

ಗೋದಾಮು ಸಮಿತಿ:
ಬರೆಸ್ತೀವಿ. ಈಗ ಕಸದ ವಿಷಯ. ಸಭೆಯಲ್ಲಿ ಬಂದ ಸಲಹೆಗಳು ಇವು: ಗಟ್ಟಿ ಶೀಟುಗಳನ್ನು ಬೇಕಾದವರಿಗೆ ಕೊಡುವುದು, ಒಡೆದು ರಸ್ತೆಗೆ ಹಾಕುವುದು, ನಮ್ಮ ಜಾಗದಲ್ಲೇ ಗುಂಡಿ ತೋಡಿ ಹೂಳುವುದು, ಸುಡುವುದು.

ಲಾರಿ:
ನಾಲ್ಕೂ ಬೇಡ ಸರ್.

ಬೇರೆಯವರಿಗೆ ಕೊಟ್ಟರೆ ಅವರು ಅಳತೆಗೆ ಕೊಯ್ಯುತ್ತಾರೆ, ಹೊಸ ತೂತು ಕೊರೆಯುತ್ತಾರೆ. ನಿಮ್ಮ ಅಪಾಯ ಇನ್ನೊಬ್ಬರ ಮನೆಗೆ ಹೋಯಿತು ಅಷ್ಟೇ. ರಸ್ತೆಗೆ ಹಾಕಿದರೆ ಚಕ್ರ ಹತ್ತಿದಷ್ಟೂ ಪುಡಿಯಾಗುತ್ತದೆ. ಸುಟ್ಟರೆ ಆಸ್ಬೆಸ್ಟಾಸ್ ಉರಿಯುವುದಿಲ್ಲ, ಬೆಂಕಿ ತಡೆಯಲೆಂದೇ ಅದನ್ನು ಬಳಸಿದ್ದು. ಸಿಮೆಂಟ್ ಶೀಟು ಬೆಂಕಿಯಲ್ಲಿ ಸಿಡಿದು ಚೂರು ದೂರ ದೂರಕ್ಕೆ ಹಾರುತ್ತದೆ. ಕರಗಿಸಿ ಗಾಜಿನಂತೆ ಮಾಡುವ ಕಾರ್ಖಾನೆ ಫ್ರಾನ್ಸಿನ ಮೊರ್ಸೆನ್ಸ್‌ನಲ್ಲಿದೆ, ಪ್ಲಾಸ್ಮಾ ಟಾರ್ಚಿನ ಭಾರೀ ಶಾಖದಿಂದ ಮಾಡುತ್ತಾರೆ. ಅಂಗಳದ ಬೆಂಕಿಯಿಂದ ಆಗುವ ಕೆಲಸ ಅಲ್ಲ. ಸ್ವಂತ ಜಾಗದಲ್ಲಿ ಹೂತರೆ ಇವತ್ತು ನಿಮಗೆ ಗೊತ್ತು, ಮುಂದೆ ಅಲ್ಲಿ ಪಾಯ ತೋಡುವವರಿಗೆ ಹೇಳುವವರು ಯಾರು?

ಅಪಾಯಕಾರಿ ಕಸ ಹೂಳಲು ಪರವಾನಗಿ ಇರುವ ಲ್ಯಾಂಡ್‌ಫಿಲ್‌ಗೇ ಹೋಗಬೇಕು. ಅಲ್ಲಿ ಆಸ್ಬೆಸ್ಟಾಸ್‌ಗೆ ಬೇರೆ ಜಾಗ ಇರುತ್ತದೆ. ಇಳಿಸಿದ ದಿನವೇ ಮಣ್ಣು ಮುಚ್ಚುತ್ತಾರೆ. ಅಮೆರಿಕದ ನಿಯಮದಲ್ಲಿ 24 ತಾಸಿನೊಳಗೆ ಕನಿಷ್ಠ 15 ಸೆಂಟಿಮೀಟರ್ ಮಣ್ಣು ಅಂತಿದೆ. ಯಾವ ಮೂಲೆಯಲ್ಲಿ, ಎಷ್ಟು ಆಳದಲ್ಲಿ ಹೂತಿದೆ ಅಂತ ನಕ್ಷೆಯಲ್ಲಿ ಗುರುತು ಹಾಕುತ್ತಾರೆ. ಮಣ್ಣಿನೊಳಗೆ ಕದಲದೆ ಇದ್ದರೆ ಎಳೆ ಎಲ್ಲಿಗೂ ಹೋಗುವುದಿಲ್ಲ, ಅಗೆದರೆ ಮಾತ್ರ ತೊಂದರೆ. ಅದಕ್ಕೇ ಆ ದಾಖಲೆ ಮುಖ್ಯ.

ಚೀಲ ಕಟ್ಟುವುದೂ ಕೆಲಸವೇ. ಅರ್ಧ ಮಾತ್ರ ತುಂಬಬೇಕು. ಬಾಯಿ ಕಟ್ಟುವಾಗ ಗಾಳಿಯನ್ನು ಒತ್ತಿ ಹೊರಗೆ ತಳ್ಳಬಾರದು, ಮುಖಕ್ಕೇ ಬರುತ್ತದೆ. ಬಾಯಿಯನ್ನು ತಿರುಚಿ, ಕುತ್ತಿಗೆ ಬಗ್ಗಿಸಿ ಟೇಪ್ ಸುತ್ತಬೇಕು. ಹೊರಗೆ ಒರೆಸಿ, ಎರಡನೇ ಚೀಲಕ್ಕೆ ಹಾಕಿ ಅದನ್ನೂ ಹಾಗೇ ಕಟ್ಟಬೇಕು. ಕವರಾಲ್, ಫಿಲ್ಟರ್, ಒರೆಸಿದ ಬಟ್ಟೆ, ನೆಲಕ್ಕೆ ಹಾಸಿದ ಹಾಳೆ ಎಲ್ಲಾ ಇದೇ ಕಸ. ಗೋಣಿಚೀಲ ಬೇಡ, ನೇಯ್ಗೆಯ ಸಂದಿಯಿಂದ ಸೋರುತ್ತದೆ. ಲಾರಿ ಮುಚ್ಚಿರಬೇಕು, ಲಾರಿಯ ಹಿಂಭಾಗ ಎತ್ತಿ ಸುರಿಯುವಂತಿಲ್ಲ. ಹೊರಟ ತೂಕ, ಲ್ಯಾಂಡ್‌ಫಿಲ್ ತೆಗೆದುಕೊಂಡ ತೂಕ ಎರಡೂ ಇರುವ ರಸೀದಿ ನಿಮ್ಮ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ದಾರಿಯಲ್ಲಿ ಹಳ್ಳಕ್ಕೆ ಸುರಿದು ಹೋಗುವವರಿಗೆ ತಡೆ ಅಂದರೆ ಅದೊಂದೇ.

ಗೋದಾಮು ಸಮಿತಿ:
ಕೆಲಸ ಮುಗಿಯಿತು. ಬಾಯ್ಲರ್ ಕೋಣೆ ಮೊದಲ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ಗೋಡೆಯೊಳಗೆ ಪೈಪು ಹೋಗುವ ತೂತಿನಲ್ಲಿ ಉಳಿಕೆ ಸಿಕ್ಕಿತು, ಸ್ಲೈಡು ಅವರು ಹೇಳಿದ ಜಾಗದಲ್ಲೇ. ಮತ್ತೆ ಶುದ್ಧ ಮಾಡಿಸಿ ಎರಡನೇ ಸಲ ಅಳೆದಾಗ ಸರಿಬಂತು. ಮೊದಲಿನ ಕಂಟ್ರಾಕ್ಟರ್ ಮುನಿಸಿಕೊಂಡಿದ್ದರು, ಆದರೆ ಕೊನೆಗೆ ಗೋಡೆ ಕೆಡವುವ ಕೆಲಸ ಅವರೇ ಮಾಡಿದರು. ಅಕ್ಕಪಕ್ಕದ ಮನೆಯವರಿಗೆ ಅಂಚಿನ ಗಾಳಿ ಪರೀಕ್ಷೆಯ ವರದಿಯ ಪ್ರತಿ ಕೊಟ್ಟಿದ್ದೇವೆ. ಸಹಾಯ ಮಾಡಿದ ಎಲ್ಲರಿಗೂ ಸಂಘದ ಪರವಾಗಿ ನಮಸ್ಕಾರ.

ಹೊಸ ಸದಸ್ಯ:
ಇದನ್ನೆಲ್ಲಾ ಓದಿದೆ. ನಾವು ಕೊಂಡ ಜಾಗದಲ್ಲಿ ಯಾರೋ ಆಗಲೇ ಒಡೆದ ಶೀಟಿನ ರಾಶಿ ಹಾಕಿ ಹೋಗಿದ್ದಾರೆ. ನಾಯಿ, ಮಕ್ಕಳು ಓಡಾಡುತ್ತವೆ. ಈಗ ಏನು ಮಾಡಲಿ?

ಸಾರುವೆ:
ಎತ್ತಬೇಡಿ, ಗುಡಿಸಬೇಡಿ, ಮೇಲೆ ನಡೆಯಬೇಡಿ. ಪಕ್ಕದಲ್ಲಿ ನಿಂತು ಮಂಜಿನ ಹಾಗೆ ನೀರು ಹೊಡೆದು, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮರಳು ಚೀಲ ಇಡಿ. ಸುತ್ತ ಹಗ್ಗ ಕಟ್ಟಿ ಫಲಕ ಹಾಕಿ. ಫೋಟೋ ತೆಗೆದು ಪರಿಸರ ಇಲಾಖೆಗೆ ಬರೆದು ಕೊಡಿ, ಸ್ವೀಕೃತಿ ತಗೊಳ್ಳಿ. ತೆಗೆಯುವ ತಂಡ ಬಂದಾಗ ರಾಶಿಯ ಜೊತೆ ಕೆಳಗಿನ ಮೇಲ್ಮಣ್ಣನ್ನೂ ತೆಗೆಸಿ, ಉಳಿದ ಮಣ್ಣಿನ ಮಾದರಿಯನ್ನು ಲ್ಯಾಬಿಗೆ ಕಳಿಸಿ. ಅಲ್ಲಿಯವರೆಗೆ ಮಕ್ಕಳನ್ನು ಆ ಕಡೆ ಬಿಡಬೇಡಿ.